ತವನಪ್ಪನವರು ಬಿಟ್ಟ ಬೆಲ್ಲ

ಏಕಸಂಬಿ
10 ಫೆಬ್ರವರಿ 2004

ಗಾಳ ಬಿಟ್ಟು ಬಂದೂಕು ಹಿಡಿದ ಸಮಾಧಾನನಿಗೆ,

ತಕ್ಕಡಿ ಹಿಡಿದ ಸುಹಾಸನ ನಮಸ್ಕಾರ. ನೀನು ಆ ತೇಜಪುರದಲ್ಲಿ ಏನು ಕಾಯುತ್ತಿದ್ದೀಯೋ ಗೊತ್ತಿಲ್ಲ, ಇಲ್ಲಿ ಶನಿವಾರ-ರವಿವಾರ ದೂಧಗಂಗೆಯ ದಂಡೆಯಲ್ಲಿ ನಮ್ಮ ಮೀನಿನ ಪಂದ್ಯ ಮುಗಿಯಿತು. ನೀನಿಲ್ಲದೆ ಮುಗಿಯಿತು ಎಂದು ಬರೆಯಲು ಸಂಕಟ. ಆದರೆ ನಿನ್ನ ಜೋಡಿದಾರ ವಿಕ್ರಾಂತನ ಫಜೀತಿ ಕೇಳಿದರೆ ಅಲ್ಲಿಯೇ ಬಿದ್ದು ಬಿದ್ದು ನಗುತ್ತೀ.

ನಿನ್ನ ಜಾಗಕ್ಕೆ ಅವನು ಜ್ಞಾನದೇವನನ್ನು ಕೂಡಿಸಿಕೊಂಡಿದ್ದ. ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ ಕೆಲಸಕ್ಕಿದ್ದಾನಲ್ಲ, ಅವನೇ. ಗಾಳಕ್ಕೆ ಹಚ್ಚುವ ಹಿಟ್ಟನ್ನು ತಾನೇ ನಾದುತ್ತೇನೆಂದು ಹಟ ಹಿಡಿದ. ಶೇಂಗಾ ಹಿಂಡಿ, ಹುರಿದ ಜೋಳದ ಹಿಟ್ಟು, ನಾನು ಮನೆಯಿಂದ ತಂದ ಬೆಲ್ಲ, ಎಲ್ಲವೂ ನೀನು ಹೇಳಿಕೊಟ್ಟ ಹದ. ಆದರೂ ಶನಿವಾರವಿಡೀ ಬೆಂಡು ಅಲುಗಲಿಲ್ಲ. ಮಗ್ಗುಲಲ್ಲಿ ಹಾರೂಗೇರಿಯ ಧೂಳಪ್ಪ ಒಂದರ ಹಿಂದೆ ಒಂದು ಗೆಂಡೆ ಎಳೆಯುತ್ತಿದ್ದಾನೆ, ಇವರಿಬ್ಬರು ಸುಮ್ಮನೆ ನೀರು ನೋಡುತ್ತ ಕೂತಿದ್ದಾರೆ. ಕೊನೆಗೆ ವಿಕ್ರಾಂತ ಹಿಟ್ಟಿನ ಉಂಡೆ ಮೂಸಿ ನೋಡಿ ಚೀರಿದ.

"ಲೇ ಜ್ಞಾನ್ಯಾ, ನಿನ್ನ ಕೈ ತಂಬಾಕ ವಾಸನಿ ಹೊಡ್ಯಾಕತ್ತೈತಿ! ಮೀನಿಗೂ ಚಟಾ ಹಚ್ಚಬೇಕಂತಿಯೇನು?"

"ಸಾಬಣಾ ಹಚ್ಚಿ ತೊಳದೇನೋ ಮಾರಾಯಾ. ಹನ್ನೆರಡ ವರ್ಷದ ವಾಸನಿ, ಹ್ಯಾಂಗ ಹೋಗಬೇಕು?" ಎಂದು ಜ್ಞಾನದೇವ ಎರಡೂ ಕೈ ಹಿಂದೆ ಕಟ್ಟಿಕೊಂಡ.

ರವಿವಾರ ವಿಕ್ರಾಂತನೇ ನಾದಿದ. ಊಟದ ಹೊತ್ತಿಗೆ ಹನ್ನೊಂದು ಕಿಲೋದ ಕಟ್ಲಾ ಮೀನು ಬಂತು. ನಾನು ಜೋಳಿಗೆಯಲ್ಲಿಟ್ಟು ತೂಗಿದೆ, ಅವರು ಹೊಳ್ಳಿ ನೀರಿಗೆ ಬಿಟ್ಟರು. ಜೋಳಿಗೆಯಲ್ಲಿ ಅದರ ಮೈಯ ಎರಡು ಹುರುಪೆ ಉಳಿದಿದ್ದವು. ರೂಪಾಯಿಗಿಂತ ಅಗಲ. ಬಿಸಿಲಿಗೆ ಹಿಡಿದರೆ ಒಳಗೆ ಗೆರೆಯ ಸುತ್ತ ಗೆರೆ. ಮೀನಿನ ವಯಸ್ಸು ಅದರಲ್ಲಿ ಗೊತ್ತಾಗುತ್ತದೆಯಂತೆ. ನಾನು ಬಾಯಿ ತೆರೆದು ನಿಂತುಬಿಟ್ಟೆ, ಸಮಾಧಾನ. ಇಷ್ಟು ವರ್ಷ ನಮ್ಮ ಹೊಲದ ಬುಡದಲ್ಲೇ ಹರಿಯುವ ನೀರಿನಲ್ಲಿ ಯಾರ ಕಣ್ಣಿಗೂ ಬೀಳದೆ ಬದುಕಿತ್ತಲ್ಲ ಅದು! ಒಂದು ಹುರುಪೆ ಈ ಪಾಕೀಟಿನಲ್ಲಿ ಇಟ್ಟಿದ್ದೇನೆ. ಇನ್ನೊಂದು ನನ್ನ ಹತ್ತಿರ ಇರುತ್ತದೆ.

ಅಪ್ಪನಿಗೆ ಟ್ರ್ಯಾಕ್ಟರಿನ ಬೇರಿಂಗ್ ತರಲು ಚಿಕ್ಕೋಡಿಗೆ ಹೋಗುತ್ತೇನೆ ಎಂದಿದ್ದೆ. ಪ್ರತಿ ಫೆಬ್ರವರಿಗೂ ನಮ್ಮ ಟ್ರ್ಯಾಕ್ಟರಿನ ಬೇರಿಂಗ್ ಕೆಡುತ್ತದೆ, ಅವರಿಗೆ ಇನ್ನೂ ಸಂಶಯ ಬಂದಿಲ್ಲ.

ನಿನ್ನ
ಸುಹಾಸ


ತೇಜಪುರ
14 ಮಾರ್ಚ್ 2004

ಬೇರಿಂಗ್ ಸಾಹೇಬರಿಗೆ,

ಪತ್ರ ಓದಿ ನಕ್ಕಿದ್ದಕ್ಕೆ ಮಗ್ಗುಲ ಮಂಚದ ಬಿಹಾರಿ ಎದ್ದು ಕೂತ. ಜ್ಞಾನದೇವನಿಗೆ ಹೇಳು, ಮುಂದಿನ ಸಲ ಹಿಟ್ಟು ನಾದುವುದು ನಾನೇ.

ಫೋನು ಮಾಡು ಎಂದು ತಂಗಿ ಪೂನಮ ಬೈಯುತ್ತಾಳೆ. ಇಲ್ಲಿ ಫೋನಿಗೆ ನಿಂತರೆ ಹಿಂದಿನವನು ಕೆಮ್ಮಲು ಶುರು ಮಾಡುತ್ತಾನೆ. ಪತ್ರವೇ ಚಲೋ. ಬ್ರಹ್ಮಪುತ್ರದ ಬಗ್ಗೆ ಫೋನಿನಲ್ಲಿ ಹೇಗೆ ಹೇಳಲಿ? ಮೊದಲ ದಿನ ನೋಡಿದಾಗ ಆಚೆ ದಂಡೆ ಹುಡುಕಿದೆ, ಸಿಗಲಿಲ್ಲ. ನಾವು ದೂಧಗಂಗೆಯ ಆಚೆ ನಿಂತವನನ್ನು ಕೂಗಿ ಬೀಡಿ ಕೇಳುವ ಮಂದಿ. ಇಲ್ಲಿ ಆಚೆ ದಂಡೆಯೇ ಇಲ್ಲ. ದಂಡೆಯ ಮೇಲೆ ಕೂತುಬಿಟ್ಟೆ. ನೀನಿರಬೇಕಿತ್ತು ಅನ್ನಿಸಿತು.

ನಿನ್ನ ಹುರುಪೆ ನನ್ನ ಪೆಟ್ಟಿಗೆಯಲ್ಲಿದೆ. ಅದನ್ನು ನೋಡಿದಾಗಲೆಲ್ಲ ಮೊದಲ ವರ್ಷದ ಜಗಳ ನೆನಪಾಗುತ್ತದೆ. ತೂಕದಲ್ಲಿ ಮೋಸ ಎಂದು ಧೂಳಪ್ಪ ನನ್ನ ಕಾಲರ್ ಹಿಡಿದಿದ್ದನಲ್ಲ! ಆಗ ಜ್ಞಾನದೇವನೇ ಅಂದದ್ದು: "ಸುಹಾಸನ ಕೈಯಾಗ ತಕ್ಕಡಿ ಕೊಡ್ರಿ. ಜೈನರ ಹುಡುಗ, ಮೀನ ತಿನ್ನಂಗಿಲ್ಲ, ಅಂವಗ ಯಾರ ಮೀನಾದರೇನು?" ನೀನು ಬಡ್ಡಿಮಗ, ಅಲ್ಲಿಯೂ ಕರಾರು ಹಾಕಿದೆ. ಮೀನಿನ ಬಾಯಿ ಹರಿಯದಂತೆ ಗಾಳದ ಒಳಮುಳ್ಳು ಅರದಿಂದ ಉಜ್ಜಿ ಸವರಬೇಕು, ತೂಗಿದ ಮೀನು ಜೀವಂತ ಹೊಳ್ಳಿ ಹೋಗಬೇಕು, ಇಲ್ಲದಿದ್ದರೆ ತಕ್ಕಡಿ ಮುಟ್ಟುವುದಿಲ್ಲ ಎಂದೆ. ಸಾರಿನ ಆಸೆಗೆ ಬಂದವರೆಲ್ಲ ಗೊಣಗಿದರು. ಈಗ ನೋಡು, ನೀನಿಲ್ಲದೆ ಪಂದ್ಯವೇ ಇಲ್ಲ.

ಬರುವ ಫೆಬ್ರವರಿಗೆ ರಜೆ ಕೇಳಿದ್ದೇನೆ, ಸುಬೇದಾರ ಸಾಹೇಬರು ಹ್ಞೂಂ ಅಂದಿದ್ದಾರೆ. ನಾನು ಗಾಳ ಹಿಡಿಯಬೇಕು, ನೀನು ತೂಗಬೇಕು. ವರ್ಷವಿಡೀ ಇದೊಂದನ್ನೇ ಹಿಡಿದುಕೊಂಡು ಇರುತ್ತೇನೆ. ಪೂನಮಗೆ ದಿನಾ ಮಜ್ಜಿಗೆ ಕೊಡುವ ನಿಮ್ಮವ್ವ ಮಂಗಲಕಾಕುವಿಗೆ ನನ್ನ ನಮಸ್ಕಾರ ತಿಳಿಸು.

ಸಮಾಧಾನ


ಏಕಸಂಬಿ
3 ಅಕ್ಟೋಬರ್ 2004

ಸಮಾಧಾನ,

ಅಪ್ಪನಿಗೆ ಎಲ್ಲ ಗೊತ್ತಾಗಿದೆ. ಇನ್ನು ನಾನು ತಕ್ಕಡಿ ಹಿಡಿಯಲು ಬರುವುದಿಲ್ಲ. ಬೇರೆ ಯಾರನ್ನಾದರೂ ನೋಡಿಕೊಳ್ಳಿ. ಸ್ವಲ್ಪ ದಿನ ನಮ್ಮ ಮನೆಯ ಕಡೆ ಯಾರೂ ಬರುವುದು ಬೇಡ. ಪೂನಮಗೂ ಬಾಗಿಲಲ್ಲೇ ಹೇಳಿ ಕಳಿಸಿದ್ದೇನೆ. ಹೆಚ್ಚಿಗೆ ಕೇಳಬೇಡ.

ಸುಹಾಸ


ತೇಜಪುರ
2 ನವೆಂಬರ್ 2004

ಶ್ರೀ ಸುಹಾಸ ಅವರಿಗೆ,

ತಮ್ಮ ಪತ್ರ ತಲುಪಿತು. ಅದಕ್ಕೂ ಮೊದಲು ನನ್ನ ತಂಗಿಯ ಪತ್ರ ತಲುಪಿತ್ತು. ಮಜ್ಜಿಗೆಗೆ ತಂಬಿಗೆ ಹಿಡಿದು ಹೋದವಳನ್ನು ತಾವು ಬಾಗಿಲಿನಿಂದ ಕಳಿಸಿದ್ದು ಅವಳಿಗೆ ಇನ್ನೂ ಅರ್ಥವಾಗಿಲ್ಲ. ನನಗೆ ಆಗಿದೆ. ನಮ್ಮ ಓಣಿಯವರು ನಿಮ್ಮ ಹೊಸ್ತಿಲಿನಿಂದ ಎಷ್ಟು ದೂರ ನಿಲ್ಲಬೇಕು ಎಂದು ನಮ್ಮ ಅಜ್ಜ ಹೇಳುತ್ತಿದ್ದ. ಆ ಕಾಲ ಹೋಯಿತು ಅಜ್ಜಾ ಎಂದು ನಾನು ಅವನ ಸಂಗಡ ಜಗಳಾಡುತ್ತಿದ್ದೆ. ತಮ್ಮನ್ನೇ ಉದಾಹರಣೆ ಕೊಡುತ್ತಿದ್ದೆ.

ತಮ್ಮ ತಂದೆಯವರಿಗೆ ತಾವು ಯಾರ ಸಂಗಡ ಕೂಡುತ್ತೀರಿ ಎಂದು ಈಗ ಗೊತ್ತಾದದ್ದು ಒಳ್ಳೆಯದೇ ಆಯಿತು. ಫೆಬ್ರವರಿಯ ರಜೆಯನ್ನು ರದ್ದು ಮಾಡಿಸಿದ್ದೇನೆ.

ಸಮಾಧಾನ


ಏಕಸಂಬಿ
21 ನವೆಂಬರ್ 2004

ಲೇ ಹುಚ್ಚ ಸಮಾಧಾನ್ಯಾ,

'ಶ್ರೀ' ಅಂತೆ, 'ತಾವು' ಅಂತೆ! ನನ್ನ ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಪತ್ರ ಹಿಡಿದು ಕಬ್ಬಿನಲ್ಲಿ ಹೋಗಿ ಅತ್ತೆನೋ. ತಪ್ಪು ನನ್ನದೇ. ನಾಚಿಕೆಗೆ ಅರ್ಧ ಬರೆದೆ, ನೀನು ಉಳಿದರ್ಧ ತುಂಬಿಕೊಂಡೆ. ಈಗ ಪೂರ್ತಿ ಕೇಳು.

ನಮ್ಮ ಬಸದಿಯ ದಶಲಕ್ಷಣ ಪರ್ವದಲ್ಲಿ ಅವ್ವ ಅಪ್ಪನ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ನಾನು ಆ ಹುರುಪೆಯನ್ನು ಗುಂಡಿಯ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ. ಹುಟ್ಟಿದಂದಿನಿಂದ ಮೀನಿನ ಹುರುಪೆ ನೋಡದವಳು, ಸಿಂಪಿನ ಗುಂಡಿ ಎಂದು ತಿಳಿದು ಸೂಜಿ ಹಿಡಿದಳು. "ಛಂದನ್ನ ಗುಂಡಿ, ಆದರ ತೂತ ಇಲ್ಲಲಾ ಇದಕ್ಕ?" ಎಂದು ಅಪ್ಪನ ಕೈಗೇ ಕೊಟ್ಟಳು. ನದಿ ದಂಡೆಯ ಹೊಲದಲ್ಲಿ ಅರವತ್ತು ವರ್ಷ ಕಳೆದವರಿಗೆ ಅದು ಏನೆಂದು ಹೇಳಬೇಕೇ?

ನಾನು ಎಲ್ಲ ಒಪ್ಪಿಕೊಂಡೆ. ಅಪ್ಪ ಬೈಯಲಿಲ್ಲ. "ನಮ್ಮ ಬೆಲ್ಲಾನೂ ಗಾಳಕ್ಕ ಹಚ್ಚೀರೇನು?" ಎಂದು ಮಾತ್ರ ಕೇಳಿದರು. ಹೌದೆಂದೆ. ಅವತ್ತಿನಿಂದ ಬೆಲ್ಲ ಬಿಟ್ಟಿದ್ದಾರೆ. ನಮ್ಮದು ಬೆಲ್ಲ ಕಾಯಿಸುವ ಮನೆತನ, ಸಮಾಧಾನ. ಬೆಲ್ಲದ ಚೂರಿಲ್ಲದೆ ಅಪ್ಪ ಊಟದಿಂದ ಎದ್ದದ್ದು ನಾನು ಕಂಡಿಲ್ಲ. ಈಗ ತಾಟಿನಲ್ಲಿ ಆ ಜಾಗ ಖಾಲಿ ಇರುತ್ತದೆ, ನಾನು ತಲೆ ತಗ್ಗಿಸಿ ಉಣ್ಣುತ್ತೇನೆ. ಇದನ್ನು ಯಾರೂ ನೋಡಬಾರದು ಎಂದು ಪೂನಮಳನ್ನು ಬಾಗಿಲಲ್ಲಿ ತಡೆದೆ. ಅವಳಿಗೆ ಏನು ಅನ್ನಿಸೀತು ಎಂಬುದು ನನ್ನ ಮಂದ ಬುದ್ಧಿಗೆ ಹೊಳೆಯಲೇ ಇಲ್ಲ.

ನೀವು ಯಾರು ಎಂಬುದು ಅಪ್ಪನಿಗೆ ಮೊದಲಿನಿಂದ ಗೊತ್ತು. ಅವರ ಪ್ರಶ್ನೆ ಮೀನಿನದು. "ತೂಗಿ ಬಿಟ್ಟ ಮ್ಯಾಲ ಅದು ಬದಕತೈತಿ ಅಂತ ನೀ ನೋಡೀಯೇನು? ಸತ್ತರ ಯಾರ ಕಣ್ಣಿಗೆ ಬೀಳತೈತಿ?" ಎಂದರು. ನಾನು ಒಮ್ಮೆಯೂ ನಿಂತು ನೋಡಿಲ್ಲ. ನಾಲ್ಕು ವರ್ಷ ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂದು ಬೀಗಿದ್ದೆ.

ರದ್ದು ಮಾಡಿಸಿದ ರಜೆಯನ್ನು ಹೊಳ್ಳಿ ಕೇಳು. ಪಂದ್ಯ ಸಾಯಲಿ, ನೀನು ಬಾ.

ನಿನ್ನ
ಸುಹಾಸ


ತೇಜಪುರ
24 ಜನವರಿ 2005

ಸುಹಾಸಾ,

ಒಂದೂವರೆ ತಿಂಗಳು ಗಡಿಯ ಕಡೆ ಇದ್ದೆ. ಬಂದು ನಿನ್ನ ಪತ್ರ ಓದಿದೆ. ಓದಿ ಸುಬೇದಾರರ ಹತ್ತಿರ ಓಡಿದೆ. ನನ್ನ ರಜೆ ಆಗಲೇ ಬೇರೆಯವನಿಗೆ ಹೋಗಿದೆ, ಅವನ ಹೆಂಡತಿಗೆ ಹೆರಿಗೆ. ಹೇಗೆ ಬೇಡಲಿ? ನನ್ನ ಕೈಯಾರೆ ಹರಿದುಕೊಂಡೆ.

ಕಾಕಾರ ಪ್ರಶ್ನೆಯನ್ನು ನಾನು ಬಿಡಲಿಲ್ಲ. ಇಲ್ಲಿಯ ಒಬ್ಬ ಮೀನುಗಾರನನ್ನು ಕೇಳಿದೆ. ದೊಡ್ಡ ಮೀನು ಬಹಳ ಹೊತ್ತು ಎಳೆದಾಡಿದರೆ ದಣಿಯುತ್ತದೆ, ಬಿಟ್ಟ ಮೇಲೆ ಮಗ್ಗುಲಾಗಿ ಬೀಳುತ್ತದೆ, ಹಾಗೇ ಬಿಟ್ಟರೆ ಸಾಯುತ್ತದೆ ಎಂದ. ಅದನ್ನು ಎರಡೂ ಕೈಯಿಂದ ನೆಟ್ಟಗೆ ಹಿಡಿದು, ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕಂತೆ. ಬಾಯಿಂದ ಹೊಕ್ಕ ನೀರು ಕಿವಿರಿನಿಂದ ಹೊರಗೆ ಹರಿದರೆ ಉಸಿರು ಬರುತ್ತದೆ, ತಾನೇ ಹೋಗುತ್ತದೆ. ಇದನ್ನು ಪಂದ್ಯ ಶುರುವಾಗುವುದರೊಳಗೆ ವಿಕ್ರಾಂತನಿಗೆ ಮುಟ್ಟಿಸು. ಬೇಗ.

ಪೂನಮಗೆ ಬೇರೆ ಬರೆದಿದ್ದೇನೆ. 'ಶ್ರೀ' ಬರೆದ ಕೈಯನ್ನು ನೀನೇ ಬಂದು ಮುರಿ.

ಸಮಾಧಾನ


ಏಕಸಂಬಿ
8 ಫೆಬ್ರವರಿ 2005

ಸಮಾಧಾನ,

ನಿನ್ನ ಪತ್ರ ನಿನ್ನೆ ಕೈಗೆ ಬಂತು, ಪಂದ್ಯ ಮುಗಿದ ಮರುದಿನ. ಮೊದಲೇ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮೊದಲಿನಿಂದ ಕೇಳು.

ಶುಕ್ರವಾರ ವಿಕ್ರಾಂತ, ಜ್ಞಾನದೇವ ಇಬ್ಬರೂ ನಮ್ಮ ಅಂಗಳಕ್ಕೆ ಬಂದು ಕಳ್ಳರ ಹಾಗೆ ನಿಂತರು. ನಾನು ಬರದಿದ್ದರೆ ಧೂಳಪ್ಪ ತಾನೇ ತೂಗುತ್ತಾನಂತೆ, ಮೀನು ಮೊದಲಿನ ಹಾಗೆ ಸಾರಿಗೆ ಹೋಗುತ್ತವಂತೆ. ಅಪ್ಪ ಹೊರಗೆ ಬಂದು ಅವರಿಗೂ ಅದೇ ಪ್ರಶ್ನೆ ಕೇಳಿದರು.

"ಖರೇನ ಗೊತ್ತಿಲ್ಲರಿ ಕಾಕಾ," ಎಂದ ಜ್ಞಾನದೇವ. "ಈಜಕೋತ ಹೋಗತಾವ. ಮುಂದಿಂದ ನಾವು ನೋಡಿಲ್ಲ."

ಅಪ್ಪ ಅಂದರು: "ನಾನ ಬರ್ತೇನಿ, ನೋಡೂಣು. ಸುಹಾಸ ತೂಗಲಿ. ಒಂದ ಮೀನ ಸತ್ತರೂ ತಕ್ಕಡಿ ಅಲ್ಲೇ ಇಟ್ಟ ನನ್ನ ಸಂಗಟ ಮನಿಗೆ ಬರಬೇಕು. ಇನ್ನೊಮ್ಮಿ ಆ ಕಡೆ ಹಾಯಬಾರದು." ನಾನು ಒಪ್ಪಿದೆ.

ಶನಿವಾರ ಅಪ್ಪ ಬಿಳಿ ಟೊಪ್ಪಿಗೆ, ಬಿಳಿ ಧೋತರ, ಸೋಸಿದ ನೀರಿನ ತಂಬಿಗೆ ಸಮೇತ ಜಾಲಿಯ ನೆರಳಲ್ಲಿ ಕೂತರು. ನಾನು ಜೋಳಿಗೆ ಬಿಚ್ಚಿದೊಡನೆ, "ಅದು ನನ್ನ ಧೋತರ ಅಲ್ಲೇನೋ?" ಎಂದರು. ಎಲ್ಲರೂ ನಕ್ಕರು, ಅಪ್ಪ ನಗಲಿಲ್ಲ. ಅವತ್ತು ಎಲ್ಲ ಸಣ್ಣ ಮೀನು. ತೂಗಿದ್ದೇ ತಡ ಜಿಗಿದು ಹೋದವು.

ರವಿವಾರ ಮಧ್ಯಾಹ್ನ ವಿಕ್ರಾಂತನ ಕೋಲು ಬಾಗಿ ನೀರಿಗೆ ಮುಟ್ಟಿತು. ಏನು ಜಗ್ಗಾಟವೋ! ಅವನ ಅಂಗೈ ಕೊರೆದು ರಕ್ತ ಬಂತು, ಜ್ಞಾನದೇವ ಅವನ ಸೊಂಟ ಹಿಡಿದು ನಿಂತ. ಕೊನೆಗೆ ಅದು ಮೇಲೆ ಬಂತು. ಕಟ್ಲಾ, ಹತ್ತೊಂಬತ್ತು ಕಿಲೋ. ನನ್ನ ತಕ್ಕಡಿ ಅಷ್ಟು ಭಾರ ಕಂಡದ್ದು ಅದೇ ಮೊದಲು. ಅಂಕಿಯನ್ನು ಎರಡು ಸಲ ನೋಡಿ ಕೂಗಿದೆ. ಧೂಳಪ್ಪ ಕೂಡ ಎದ್ದು ನಿಂತಿದ್ದ.

ನೀರಿಗೆ ಬಿಟ್ಟರು. ಅದು ಹೋಗಲಿಲ್ಲ. ಮಗ್ಗುಲಾಗಿ, ಬಿಳಿ ಹೊಟ್ಟೆ ತೋರಿಸಿ ತೇಲಿತು. ವಿಕ್ರಾಂತ ಬೆರಳಿನಿಂದ ನೂಕಿದ, ಅಲುಗಲಿಲ್ಲ. ನಾನು ತಕ್ಕಡಿಯನ್ನು ನೆಲದ ಮೇಲೆ ಇಟ್ಟೆ. ಎಲ್ಲ ಮುಗಿಯಿತು ಅನ್ನಿಸಿತು. ನಿನಗೆ ಏನು ಬರೆಯಲಿ ಎಂದು ಆಗಲೇ ಯೋಚಿಸತೊಡಗಿದ್ದೆ.

ಅಪ್ಪ ಎದ್ದರು. ಚಪ್ಪಲಿ ಬಿಟ್ಟರು, ಟೊಪ್ಪಿಗೆ ಕಲ್ಲಿನ ಮೇಲಿಟ್ಟರು, ಧೋತರ ಸಮೇತ ನದಿಗೆ ಇಳಿದರು. "ಅಪ್ಪಾ, ಕೆಸರೈತ್ರಿ" ಎಂದೆ. ಕೇಳಲಿಲ್ಲ. ಸೊಂಟಮಟ್ಟದ ನೀರಿನಲ್ಲಿ ನಿಂತು, ಜೀವಮಾನದಲ್ಲಿ ಮೀನು ಮುಟ್ಟದ ಎರಡೂ ಕೈಯನ್ನು ಅದರ ಹೊಟ್ಟೆಯ ಕೆಳಗೆ ಕೊಟ್ಟು ಎತ್ತಿ ನೆಟ್ಟಗೆ ಹಿಡಿದರು. ನಿಧಾನವಾಗಿ ಅದರ ಮುಖವನ್ನು ಉತ್ತರಕ್ಕೆ ತಿರುಗಿಸಿದರು. ನನಗೆ ಆಗ ತಿಳಿಯಿತು. ನಮ್ಮಲ್ಲಿ ಹಿರಿಯರು ಹೋಗುವಾಗ ಉತ್ತರಕ್ಕೆ ಮುಖ ಮಾಡಿಸಿ ಕಿವಿಯಲ್ಲಿ ಣಮೋಕಾರ ಮಂತ್ರ ಹೇಳುತ್ತೇವೆ. ಅಜ್ಜನಿಗೆ ಅಪ್ಪ ಹಾಗೆಯೇ ಹೇಳಿದ್ದರು. ಸಾಯುವ ಜೀವಕ್ಕೆ ಒಳ್ಳೆಯ ಸಾವು ಕೊಡಲು ಅವರು ಇಳಿದಿದ್ದರು. ಬಗ್ಗಿ, ಮೀನಿನ ಕಿವಿ ಎಲ್ಲಿ ಎಂದು ಹುಡುಕಿ, ಸಿಗದೆ, ಕಿವಿರಿನ ಹತ್ತಿರ ಬಾಯಿಟ್ಟು ಮಂತ್ರ ಹೇಳತೊಡಗಿದರು.

ದಂಡೆಯ ಮೇಲೆ ಎಲ್ಲರೂ ಟೋಪಿ, ಟವೆಲ್ ತೆಗೆದು ನಿಂತರು.

ಮೊದಲ ಸಲ ಹೇಳಿ ಮುಗಿಸಿದರು. ಎರಡನೆಯದೂ ಮುಗಿಯಿತು. ಮೂರನೆಯ ಸಲ ನಡುವೆಯೇ ಅಪ್ಪನ ದನಿ ನಿಂತಿತು. ಕಿವಿರು ತೆರೆದಿತ್ತು! ಮುಚ್ಚಿತು, ಮತ್ತೆ ತೆರೆಯಿತು. ಅಪ್ಪ ನನ್ನ ಕಡೆ ನೋಡಿದರು. ಅಂಥ ಮುಖ ನಾನು ಅವರದು ಎಂದೂ ಕಂಡಿಲ್ಲ, ಹಾಲು ಕುಡಿಯುವ ಕೂಸಿನ ಮುಖ. ಬಾಲ ಒಮ್ಮೆ ಆಡಿತು, ಇನ್ನೊಮ್ಮೆ ಆಡಿತು. ಆಮೇಲೆ ಅದು ಅಪ್ಪನ ಕೈಯಿಂದ ತಾನಾಗಿ ಮುಂದೆ ಸರಿದು, ಅವರ ಎದೆಗೆಲ್ಲ ನೀರು ಚಿಮ್ಮಿಸಿ, ಆಳಕ್ಕೆ ಹೋಯಿತು. ಅಪ್ಪ ಖಾಲಿ ಕೈ ಹಾಗೇ ಹಿಡಿದುಕೊಂಡು ನಿಂತಿದ್ದರು.

"ಹೋತು," ಎಂದರು. "ನೋಡಿದಿರೇನು? ಹೋತು!"

ಜ್ಞಾನದೇವ ಬಿಕ್ಕಿ ಅಳುತ್ತಿದ್ದ. ಆಗ ಧೂಳಪ್ಪ ಮುಂದೆ ಬಂದ, ಕೈಯಲ್ಲಿ ತನ್ನ ಗೆಂಡೆ. "ಕಾಕಾ, ಇದೂ ಸ್ವಲ್ಪ ದಣದೈತ್ರಿ. ಹಿಡೀತೀರೇನು?" ಎಂದ. ಅಪ್ಪ ಹಿಡಿದರು. ಸಂಜೆಯ ತನಕ ನೀರಿನಲ್ಲೇ ನಿಂತು ಬಂದ ಮೀನನ್ನೆಲ್ಲ ಒಂದೊಂದಾಗಿ ಹಿಡಿದು ಕಳಿಸಿದರು. ಗೆದ್ದವರು ವಿಕ್ರಾಂತ-ಜ್ಞಾನದೇವರೇ, ಆದರೆ ಅದನ್ನು ಕೇಳಲು ಯಾರಿಗೂ ನೆನಪಾಗಲಿಲ್ಲ.

ಮರುದಿನ ನಿನ್ನ ಪತ್ರ. ನೀರು ಬರುವ ದಿಕ್ಕಿಗೆ ಮುಖ! ನಾವು ಗಾಳ ಹಾಕುವ ಮಡುವಿನ ಹತ್ತಿರ ನದಿ ತಿರುಗುತ್ತದಲ್ಲ, ಅಲ್ಲಿ ನೀರು ಬರುವುದು ಉತ್ತರದಿಂದಲೇ. ಯಾವುದರಿಂದ ಬದುಕಿತು ಎಂದು ನನ್ನನ್ನು ಕೇಳಬೇಡ. ಮುಚ್ಚಿಡುವುದು ಸಾಕಾಗಿದೆ, ಅಪ್ಪನಿಗೆ ಪತ್ರ ಪೂರ್ತಿ ಓದಿ ಹೇಳಿದೆ. ಮೊದಲಿನ 'ಶ್ರೀ' ಪತ್ರವನ್ನೂ ಓದಿದೆ.

ಅಪ್ಪ ಕಣ್ಣು ಮುಚ್ಚಿ ಕೇಳಿದರು. "ಜೀವ ಹ್ಯಾಂಗ ಉಳಸಬೇಕಂತ ಆ ಹುಡುಗ ಅಲ್ಲಿಂದ ಬರದಾನ. ನಾವು ಅಂವನ ತಂಗೀನ್ನ ಬಾಗಲದಿಂದ ಹೊಳ್ಳಿ ಕಳಸೇವಿ" ಎಂದರು. ಅವ್ವ ಬೆಲ್ಲದ ಚೂರು ತಂದು ತಾಟಿನಲ್ಲಿಟ್ಟಳು. ಅಪ್ಪ ಅದನ್ನು ಸರಿಸಿದರು. "ಮಗನ ತಪ್ಪಿಗೆ ಬಿಟ್ಟಿದ್ದೆ, ಅದು ತೀರಿತು. ಇನ್ನ ಇದು ನನ್ನ ಮನೀ ತಪ್ಪಿಗೆ. ಅಂವಾ ಬಂದು ನನ್ನ ಮಗ್ಗಲಾಗ ಕುಂತು ತಿಂದ ದಿನಾ ನಾನೂ ತಿಂತೇನಿ."

ಅವ್ವ ತಾನೇ ತಂಬಿಗೆ ಹಿಡಿದು ನಿಮ್ಮ ಮನೆಗೆ ಹೋಗಿ ಪೂನಮಳನ್ನು ಕರೆತಂದಿದ್ದಾಳೆ. ನೀನು ಯಾವಾಗ ಬರುತ್ತೀ?

ಸುಹಾಸ


ತೇಜಪುರ
6 ಮಾರ್ಚ್ 2005

ಸುಹಾಸಾ,

ನಿನ್ನ ಪತ್ರವನ್ನು ಬ್ಯಾರಕಿನಲ್ಲಿ ಹಿಂದಿಯಲ್ಲಿ ಓದಿ ಹೇಳಿದೆ. ಮೀನು ಹೋದ ಜಾಗ ಬಂದಾಗ ಬಿಹಾರಿ ಎದ್ದು ನಿಂತ. ಮತ್ತೊಮ್ಮೆ ಓದು ಎಂದ. ಮತ್ತೊಮ್ಮೆ ಓದಿದೆ, ಆದರೆ ಬೆಲ್ಲದ ಭಾಗ ನನಗೆ ಓದಲಾಗಲಿಲ್ಲ. ಇಷ್ಟು ದೊಡ್ಡ ಮನುಷ್ಯನ ಬಗ್ಗೆ ನಾನು ಏನು ಬರೆದಿದ್ದೆ!

ಮುಂದಿನ ಫೆಬ್ರವರಿಯ ತನಕ ರಜೆಯಿಲ್ಲ. ಕಾಕಾರಿಗೆ ತಿನ್ನಲು ಹೇಳು. ನಾನು ಕೈ ಮುಗಿದು ಕೇಳುತ್ತೇನೆ ಎಂದು ಹೇಳು.

ಸಮಾಧಾನ


ಏಕಸಂಬಿ
18 ಡಿಸೆಂಬರ್ 2005

ಸಮಾಧಾನ,

ಹೇಳಿದೆ, ಹತ್ತು ಸಲ ಹೇಳಿದೆ. ಕೇಳುವುದಿಲ್ಲ. ಆಗಸ್ಟಿನ ಮಹಾಪೂರದಲ್ಲಿ ನೀರು ನಮ್ಮ ಕಬ್ಬಿನ ಮೇಲೆ ನಿಂತಿತ್ತು. ಅಪ್ಪ ಮಾಳಿಗೆಯ ಮೇಲೆ ನಿಂತು, "ಆ ಮೀನ ಎಲ್ಲಿ ಹೋಗಿರಬೇಕೋ ಸುಹಾಸ?" ಎಂದು ದಿನಾ ಕೇಳುತ್ತಿದ್ದರು. ಕಬ್ಬಿನ ಬಗ್ಗೆ ಒಂದು ಮಾತಿಲ್ಲ.

ಈಗ ಬೆಲ್ಲ ಕಾಯಿಸುವ ಕಾಲ. ನಿನ್ನೆ ಅಪ್ಪ ಕೊಪ್ಪರಿಗೆಯ ಹತ್ತಿರ ನಿಂತು ಬಂದವರಿಗೆಲ್ಲ ಬಿಸಿ ಬೆಲ್ಲ ಕೊಟ್ಟರು. ಪೂನಮಗೆ ಎಲೆಯಲ್ಲಿ ಕಟ್ಟಿಕೊಟ್ಟರು. ಬೆರಳಿಗೆ ಹತ್ತಿದ್ದನ್ನು ನೆಕ್ಕದೆ ನೀರಿನಿಂದ ತೊಳೆದರು. ನಾನು ಈ ಮನುಷ್ಯನ ಮಗ ಎಂದು ನೆನೆಸಿದರೆ ನನಗೇ ನಂಬಿಕೆ ಬರುವುದಿಲ್ಲ.

ವಿಕ್ರಾಂತ ಗಾಳ ಅರ ಹಾಕಿ ಸವರಿ ಇಟ್ಟಿದ್ದಾನೆ. ಜ್ಞಾನದೇವನಿಗೆ ಹಿಟ್ಟು ಮುಟ್ಟಲು ಕೊಡುವುದಿಲ್ಲ. ಎಲ್ಲರೂ ನಿನ್ನನ್ನು ಕಾಯುತ್ತಿದ್ದೇವೆ.

ಸುಹಾಸ


ತೇಜಪುರ
20 ಜನವರಿ 2006

ತವನಪ್ಪಕಾಕಾರಿಗೆ,

ನಿಮಗೆ ಇದು ನನ್ನ ಮೊದಲ ಪತ್ರ. ಸುಹಾಸನಿಗೆ ಬರೆದರೆ ಅವನು ಯಾವುದೋ ಡಬ್ಬಿಯಲ್ಲಿ ಬಚ್ಚಿಡುತ್ತಾನೆ.

ರಜೆ ಮಂಜೂರಾಗಿದೆ. ಫೆಬ್ರವರಿ 3, ಶುಕ್ರವಾರ ಮಧ್ಯಾಹ್ನ ಮಿರಜದಲ್ಲಿ ಇಳಿಯುತ್ತೇನೆ. ಶನಿವಾರ ನೀವು ನದಿಗೆ ಇಳಿದಾಗ ನಿಮ್ಮ ಮಗ್ಗುಲಲ್ಲಿ ನಿಲ್ಲಬೇಕೆಂದಿದ್ದೇನೆ, ಈ ಸಲ ಗಾಳವನ್ನು ಜ್ಞಾನದೇವನೇ ಹಿಡಿಯಲಿ. ಆ ಮಂತ್ರ ನನಗೆ ಬರುವುದಿಲ್ಲ ಕಾಕಾ. ನಮ್ಮ ಬುದ್ಧವಂದನೆ ಬರುತ್ತದೆ, ಅದನ್ನೇ ಹೇಳುತ್ತೇನೆ.

ಹೊತ್ತು ಮುಳುಗಿದ ಮೇಲೆ ನೀವು ಏನೂ ತಿನ್ನುವುದಿಲ್ಲ ಎಂದು ಗೊತ್ತಿದೆ. ಅದರೊಳಗೆ ಬಂದು ಮುಟ್ಟುತ್ತೇನೆ. ಬಸ್ಸು ಸಿಗದಿದ್ದರೆ ಲಾರಿ ಹತ್ತುತ್ತೇನೆ, ಲಾರಿ ಸಿಗದಿದ್ದರೆ ಓಡಿ ಬರುತ್ತೇನೆ. ಅಷ್ಟಾದರೂ ತಡವಾದರೆ ನಿಮ್ಮ ಕಟ್ಟೆಯ ಮೇಲೆ ಮಲಗಿ ಬೆಳಗಾಗುವುದನ್ನು ಕಾಯುತ್ತೇನೆ, ಮೊದಲು ನಮ್ಮ ಮನೆಗೂ ಹೋಗುವುದಿಲ್ಲ.

ಬೆಲ್ಲ ಒಡದಿಡ್ರಿ.

ಸಮಾಧಾನ